ಅವಶ್ಯವೋ, ಅಲಂಕಾರವೋ?

ಹಲ್ಲಿನ ವಿಷಯವಾಗಿ ಒಂದು ಲೇಖನ ಬರೆಯುತ್ತೇನೆಂದಾಗ ನಮ್ಮ ಸಂಪಾದಕರು, "ಆರೋಗ್ಯದ ಪುಟಕ್ಕೋ?" ಎಂದು ಕೇಳಿದರು. ಅಲ್ಲ, ಧರ್ಮಾಧರ್ಮದ ವಿಷಯ ಎಂದೆ. ಅವರಿಗೆ ನಗು ಬಂತು. ಓದುಗರಲ್ಲಿಯೂ ಕೆಲವರಿಗೆ ಬರಬಹುದು. ಬರಲಿ, ನಾನು ಬರೆಯಹೊರಟಿರುವುದು ನಗುವಿನ ವಿಷಯವೇ.

ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಮುಂಬಯಿಗೆ ಬಂದವನು ನಾನು. ಬಂದು ಇಪ್ಪತ್ತೆರಡು ವರ್ಷಗಳಾದವು. ಅಂಟಾಪ್ ಹಿಲ್‌ನ ಕ್ವಾರ್ಟರ್ಸಿನಲ್ಲಿ ವಾಸ. ಕಳೆದ ಒಂಬತ್ತು ವರ್ಷಗಳಿಂದ ಸಿಬ್ಬಂದಿಯ ವೈದ್ಯಕೀಯ ಬಿಲ್ಲುಗಳನ್ನು ಪರಿಶೀಲಿಸುವುದು ನನ್ನ ಮೇಜಿನ ಕೆಲಸ. ಯಾವುದು ನಿಯಮದ ಒಳಗಿದೆ, ಯಾವುದು ಹೊರಗಿದೆ ಎಂದು ನೋಡಿ ಬರೆದು ಮೇಲಕ್ಕೆ ಕಳಿಸಬೇಕು. ಒಂದೇ ಕೆಲಸವನ್ನು ಬಹುಕಾಲ ಮಾಡಿದವನಿಗೆ ಆ ಕೆಲಸದ ಕಣ್ಣೇ ಬಂದುಬಿಡುತ್ತದೆ. ಕಚೇರಿಯಲ್ಲಿ ಆ ಕಣ್ಣು ಬೇಕು. ಮನೆಗೆ ಬಂದ ಮೇಲೂ ಅದೇ ಕಣ್ಣಿನಿಂದ ನೋಡಿದ್ದರ ಕಥೆ ಇದು.

ನನ್ನ ಹೆಂಡತಿಗೆ ನಲವತ್ತರ ಆಸುಪಾಸಿನಲ್ಲಿ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರತೊಡಗಿತು. ನೋವಿರಲಿಲ್ಲ. ನೋವಿಲ್ಲದ್ದನ್ನು ಕಾಯಿಲೆಯೆಂದು ಕರೆಯುವ ವಾಡಿಕೆ ನಮ್ಮಂಥ ಮನೆಗಳಲ್ಲಿ ಇಲ್ಲ. ಉಪ್ಪುನೀರು ಮುಕ್ಕಳಿಸಿದಳು, ಮಕ್ಕಳ ಪರೀಕ್ಷೆ ಮುಗಿಯಲಿ, ಅತ್ತೆಯವರ ಕಣ್ಣಿನ ಆಪರೇಷನ್ ಆಗಲಿ ಎಂದು ದಿನ ದೂಡಿದಳು. ಅಷ್ಟರಲ್ಲಿ ಮೇಲಿನ ಎರಡು ಮುಂಬಲ್ಲುಗಳ ನಡುವೆ ಒಂದು ಸಂದು ಕಾಣಿಸಿಕೊಂಡಿತು. ಮೊದಲು ನೂಲಿನಷ್ಟು, ಒಂದೆರಡು ವರ್ಷಗಳಲ್ಲಿ ಅಕ್ಕಿಕಾಳು ತೂರುವಷ್ಟು. ಎಡಗಡೆಯ ಹಲ್ಲು ಮುಂದಕ್ಕೆ ಚಾಚಿ, ಪಕ್ಕದ ಹಲ್ಲಿಗಿಂತ ಕೆಳಗೂ ಇಳಿಯಿತು.

ಕೊನೆಗೆ ಡಾಕ್ಟರರ ಬಳಿಗೆ ಹೋದೆವು. ವಸಡಿನ ಚಿಕಿತ್ಸೆ ನಾಲ್ಕು ತಿಂಗಳು ನಡೆಯಿತು. ವಸಡಿನ ಕೆಳಗೆ ಬೇರಿನ ಮೇಲೆ ಕಟ್ಟಿಕೊಂಡಿದ್ದ ಗಾರೆಯನ್ನು ಕೆರೆದು ತೆಗೆದರು. ಒಂದು ಕಡೆ ಸಣ್ಣ ಶಸ್ತ್ರಚಿಕಿತ್ಸೆಯೂ ಆಯಿತು. ರಕ್ತ ನಿಂತಿತು. ಆಗ ಡಾಕ್ಟರಮ್ಮ ಹೇಳಿದರು: "ಕಾಯಿಲೆ ಹತೋಟಿಗೆ ಬಂದಿದೆ. ಈಗ ಬೇಕೆಂದರೆ ಮುಂದಿನ ಹಲ್ಲುಗಳನ್ನು ಮತ್ತೆ ಅವುಗಳ ಜಾಗಕ್ಕೆ ತರಬಹುದು. ಕ್ಲಿಪ್ ಹಾಕಬೇಕು, ಒಂದು ವರ್ಷದ ಮೇಲೆ ಹಿಡಿಯುತ್ತದೆ." ಖರ್ಚು ಅರವತ್ತು ಸಾವಿರದ ಹತ್ತಿರ ಎಂದರು.

ಮೆಟ್ಟಿಲಿಳಿಯುತ್ತ ನಾನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಕಾಯಿಲೆ ವಾಸಿಯಾಯಿತಲ್ಲ, ಇನ್ನೇನು? ನಲವತ್ತೆರಡಕ್ಕೆ ಕ್ಲಿಪ್ ಹಾಕಿಸಿಕೊಂಡು ಯಾರಿಗೆ ತೋರಿಸಬೇಕು?"

"ಬೇಡ ಬಿಡಿ, ನನಗೇನು" ಎಂದಳು.

ಅದನ್ನು ನಾನು ಒಪ್ಪಿಗೆಯೆಂದು ತಿಳಿದೆ. ಕಡತ ಮುಚ್ಚಿತು. ಅದೇ ತಿಂಗಳು, ಸ್ಟೇಷನ್ನಿಗೆ ಹೋಗಿಬರಲು ಅನುಕೂಲವೆಂದು ಕಂತಿನಲ್ಲಿ ಒಂದು ಸ್ಕೂಟರ್ ಕೊಂಡೆ. ಇಪ್ಪತ್ತು ವರ್ಷ ನಡೆದೇ ಹೋಗುತ್ತಿದ್ದ ದಾರಿ ಅದು. ಅದು ಅವಶ್ಯವೋ ಅಲಂಕಾರವೋ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಒಂದೂವರೆ ವರ್ಷದ ಮೇಲೆ ಊರಿನಲ್ಲಿ ಅಣ್ಣನ ಮಗಳ ಮದುವೆಯಾಯಿತು. ನನ್ನ ಹೆಂಡತಿ ನಮ್ಮ ಕಡೆಯ ಮದುವೆಗಳಲ್ಲೆಲ್ಲ ಹಸೆಹಾಡು ಹೇಳುವವಳು. ಅವಳ ತಾಯಿಯಿಂದ ಕಲಿತದ್ದು. ಆ ಮದುವೆಯಲ್ಲಿ ಅವಳು ಹಾಡಲಿಲ್ಲ. ಹೆಂಗಸರ ಸಾಲಿನ ಹಿಂದೆ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನಿಂತಿದ್ದಳು. "ಏನಪ್ಪಾ, ಅವಳು ಯಾಕೆ ಹಾಡಲಿಲ್ಲ? ಏನಾದರೂ ಬೇಜಾರೇ?" ಎಂದು ಅತ್ತಿಗೆ ನನ್ನನ್ನೇ ಕೇಳಿದರು. ವಾಪಸು ಬರುವಾಗ ರೈಲಿನಲ್ಲಿ ಅವಳನ್ನು ಕೇಳಿದೆ.

"ಹಾಡುವುದಕ್ಕೆ ಬಾಯಿ ತೆರೆಯಬೇಕಲ್ಲ" ಎಂದಳು. ಅಷ್ಟೇ.

ಮನೆಗೆ ಬಂದು ಹಳೆಯ ಫೋಟೋಗಳನ್ನು ತೆಗೆದು ನೋಡಿದೆ. ನಮ್ಮ ಸಂಘದ ಯುಗಾದಿ, ರಾಜ್ಯೋತ್ಸವ, ದಸರೆಯ ಫೋಟೋಗಳು. ಮೂರು ವರ್ಷಗಳಿಂದ ಒಂದರಲ್ಲಿಯೂ ಅವಳ ಹಲ್ಲು ಕಾಣುತ್ತಿಲ್ಲ. ಕೆಲವದರಲ್ಲಿ ತುಟಿ ಬಿಗಿದಿದೆ, ಕೆಲವದರಲ್ಲಿ ಕೈ ಅಡ್ಡ ಇದೆ. ಅದನ್ನು ನಾನು ಗಾಂಭೀರ್ಯವೆಂದು ತಿಳಿದಿದ್ದೆ. ಒಂದೇ ಮನೆಯಲ್ಲಿದ್ದ ನನಗೆ ಕಾಣದ್ದು, ವರ್ಷಕ್ಕೊಮ್ಮೆ ನೋಡುವ ಅತ್ತಿಗೆಗೆ ಕಂಡಿತು.

ಆ ಮೇಲೆ ನಾನು ಈ ವಿಷಯವನ್ನು ಓದತೊಡಗಿದೆ. ಡಾಕ್ಟರಮ್ಮನವರನ್ನೂ ಕೇಳಿ ತಿಳಿದುಕೊಂಡೆ. ತಿಳಿದದ್ದನ್ನು ಸರಳವಾಗಿ ಹೇಳುತ್ತೇನೆ. ನಮ್ಮ ಹಲ್ಲುಗಳು ಗೋಡೆಗೆ ಹೊಡೆದ ಮೊಳೆಗಳಂತೆ ಕದಲದೆ ನಿಂತಿಲ್ಲ. ಬೇರಿಗೂ ದವಡೆಯ ಮೂಳೆಗೂ ನಡುವೆ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ದಪ್ಪದ ನಾರಿನ ಪದರವಿದೆ. ಹಲ್ಲು ಅದರಲ್ಲಿ ತೂಗುಹಾಕಿದಂತೆ ಇರುತ್ತದೆ. ಹೊರಗಿನಿಂದ ತುಟಿ, ಒಳಗಿನಿಂದ ನಾಲಿಗೆ, ಎದುರಿನಿಂದ ಇನ್ನೊಂದು ದವಡೆಯ ಹಲ್ಲು, ಇವೆಲ್ಲ ಒತ್ತುತ್ತಲೇ ಇರುತ್ತವೆ. ಈ ಒತ್ತಡಗಳೂ ನಾರಿನ ಹಿಡಿತವೂ ಸಮತೂಕದಲ್ಲಿರುವವರೆಗೆ ಹಲ್ಲು ತನ್ನ ಜಾಗದಲ್ಲಿರುತ್ತದೆ. ವಸಡಿನ ಕಾಯಿಲೆಯಲ್ಲಿ ನಾರೂ ಮೂಳೆಯೂ ಸ್ವಲ್ಪಸ್ವಲ್ಪವಾಗಿ ನಾಶವಾಗುತ್ತವೆ. ಹೊಲದ ಬೇಲಿಯ ಕಂಬದ ಬುಡದಲ್ಲಿ ಮಳೆಗೆ ಮಣ್ಣು ಕೊಚ್ಚಿಹೋದರೆ, ದಿನವೂ ಮೈ ಉಜ್ಜಿಹೋಗುವ ಅದೇ ದನಕ್ಕೆ ಕಂಬ ವಾಲುವುದಿಲ್ಲವೆ? ಹಾಗೆಯೇ ಇದು. ದನ ಹೊಸದಾಗಿ ಬಲಿತದ್ದಲ್ಲ, ಬುಡ ಸಡಿಲವಾದದ್ದು. ನನ್ನ ಹೆಂಡತಿಗೆ ಹಿಂದೆಂದೋ ಎರಡು ದವಡೆಹಲ್ಲು ಕೀಳಿಸಿದ್ದರಿಂದ ಅಗಿಯುವ ಭಾರವೂ ಮುಂದಕ್ಕೆ ಬಿದ್ದಿತ್ತು. ವಸಡಿನ ಕಾಯಿಲೆ ಇರುವವರಲ್ಲಿ ಶೇಕಡಾ 30 ರಿಂದ 55 ಮಂದಿಯ ಹಲ್ಲುಗಳು ಹೀಗೆ ಸರಿಯುತ್ತವೆಂದು ಬೇರೆಬೇರೆ ಅಧ್ಯಯನಗಳು ಹೇಳುತ್ತವೆ.

ಈ ಓದಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಮಾತು. ಅಮೆರಿಕದ ದಂತತಜ್ಞ ವಿಲಿಯಂ ಪ್ರಾಫಿಟ್ 1978ರಲ್ಲಿ ಬರೆದ ಪ್ರಬಂಧದಲ್ಲಿ ತೋರಿಸಿದ್ದೇನೆಂದರೆ, ಹಲ್ಲಿನ ಸ್ಥಾನವನ್ನು ನಿರ್ಧರಿಸುವುದರಲ್ಲಿ ಬಲದ ಪ್ರಮಾಣಕ್ಕಿಂತ ಅದರ ಅವಧಿ ಮುಖ್ಯ. ಅಗಿಯುವಾಗ ಬೀಳುವ ಭಾರಿ ಒತ್ತಡ ಕ್ಷಣಕಾಲದ್ದು; ಸುಮ್ಮನಿರುವ ತುಟಿ ನಾಲಿಗೆಗಳ ಹಗುರವಾದ ಒತ್ತಡ ಹಗಲು ರಾತ್ರಿ ಇರುವಂಥದು. ಹಲ್ಲನ್ನು ಹೆಚ್ಚಾಗಿ ಸರಿಸುವುದು ಈ ಎರಡನೆಯದೇ.

ಮನುಷ್ಯರ ವಿಷಯದಲ್ಲಿಯೂ ಹೀಗೆಯೇ ಅಲ್ಲವೆ ಎನ್ನಿಸಿತು. ನಾನು ಮನೆಯಲ್ಲಿ ಎಂದೂ ಕೈ ಎತ್ತಿದವನಲ್ಲ, ಗದರಿದವನೂ ಅಲ್ಲ. ಆದರೆ ಯಾವ ಖರ್ಚಿನ ಮಾತು ಬಂದರೂ "ಅದು ಬೇಕೇ?" ಎಂಬ ಒಂದು ನೋಟ ನನ್ನ ಮುಖದಲ್ಲಿ ಇಪ್ಪತ್ತು ವರ್ಷಗಳಿಂದ ಇದೆ. ಬಹಳ ಹಗುರವಾದ ಒತ್ತಡ. "ಬೇಡ ಬಿಡಿ, ನನಗೇನು" ಎಂಬ ಮಾತು ಆ ಒತ್ತಡಕ್ಕೆ ವಾಲಿದ ಮಾತು. ಅದನ್ನು ನಾನು ಅವಳ ಅಭಿಪ್ರಾಯವೆಂದು ದಾಖಲು ಮಾಡಿಕೊಂಡಿದ್ದೆ.

ಇನ್ನು ನನ್ನ ವಾದಗಳನ್ನು ಒಂದೊಂದಾಗಿ ನೋಡುತ್ತೇನೆ. ಮೊದಲನೆಯದು, ಇದು ಕಾಯಿಲೆಯಲ್ಲ, ಅಲಂಕಾರ ಎಂಬುದು. ವೈದ್ಯಶಾಸ್ತ್ರವೇ ಇದನ್ನು ಒಪ್ಪುವುದಿಲ್ಲ. ವಸಡಿನ ಕಾಯಿಲೆಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಹಲ್ಲುಗಳು ಸರಿಯುವುದು, ಮುಂದಕ್ಕೆ ಚಾಚುವುದು ಕಾಯಿಲೆಯ ನಾಲ್ಕನೆಯ, ಎಂದರೆ ಕೊನೆಯ ಹಂತದ ಲಕ್ಷಣಗಳಲ್ಲಿ ಸೇರಿವೆ. ಯುರೋಪಿನ ವಸಡುತಜ್ಞರ ಒಕ್ಕೂಟ 2022ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಅವನ್ನು ಸ್ವಸ್ಥಾನಕ್ಕೆ ತರುವುದೂ ಚಿಕಿತ್ಸೆಯ ಭಾಗವೇ. ಇದನ್ನು ಓದಿದಾಗ ಗುಮಾಸ್ತನಾದ ನನಗೆ ಒಂದು ಬಗೆಯ ನೆಮ್ಮದಿಯಾಯಿತು. ಬಿಲ್ಲು ನಿಯಮದ ಒಳಗೆ ಬಂದಂತಾಯಿತು. ಮರುಕ್ಷಣ ನಾಚಿಕೆಯೂ ಆಯಿತು. ನನ್ನ ಮನೆಯಲ್ಲಿ ಒಂದು ಹಾಡು ನಿಂತುಹೋದದ್ದನ್ನು ತಿಳಿಯಲು ನನಗೆ ಯುರೋಪಿನ ಸುತ್ತೋಲೆ ಬೇಕಾಯಿತೆ?

ಮಗ ಆಟದಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ಮೂಳೆಯನ್ನು ನೇರ ಕೂರಿಸಿ ಕಟ್ಟಿಸಿದೆವು. "ನೋವು ಹೇಗೂ ಇಳಿಯುತ್ತದೆ, ಸೊಟ್ಟಗೇ ಇರಲಿ" ಎಂದು ಯಾರೂ ಹೇಳಲಿಲ್ಲ. ಕಾಯಿಲೆ ಕಸಿದುಕೊಂಡದ್ದನ್ನು ಮರಳಿ ಪಡೆಯುವುದಕ್ಕೂ ಇಲ್ಲದ್ದನ್ನು ಹೊಸದಾಗಿ ತೊಡುವುದಕ್ಕೂ ವ್ಯತ್ಯಾಸವಿದೆ. ಆದರೆ ಈ ಗೆರೆಯೂ ಪೂರ್ತಿ ನೇರವಾಗಿಲ್ಲವೆಂದು ಒಪ್ಪಿಕೊಳ್ಳಬೇಕು. ಹುಟ್ಟಿನಿಂದಲೇ ಹಲ್ಲು ಉಬ್ಬಿರುವ ಹುಡುಗಿಯೊಬ್ಬಳು ತರಗತಿಯಲ್ಲಿ ಬಾಯಿ ಬಿಡಲು ಅಂಜಿದರೆ, ಅವಳಿಂದ ಯಾವ ಕಾಯಿಲೆಯೂ ಏನನ್ನೂ ಕಸಿದಿಲ್ಲವೆಂದು ಸುಮ್ಮನಿರಬಹುದೆ? ಅದೇ ಹೊತ್ತಿಗೆ, ನೆಮ್ಮದಿಯಾಗಿದ್ದವರಲ್ಲಿ ಜಾಹೀರಾತಿನ ಬಿಳಿ ಹಲ್ಲು ತೋರಿಸಿ ಅತೃಪ್ತಿಯನ್ನು ಹುಟ್ಟಿಸಿ ಮಾರುವ ವ್ಯಾಪಾರವೂ ಈ ನಗರದಲ್ಲಿದೆ. ಆದುದರಿಂದ ಕನ್ನಡಿಯನ್ನು ಅಳತೆಗೋಲು ಮಾಡಲಾಗದು. ನನಗೆ ತೋಚಿದ ಅಳತೆಗೋಲು ಇದು: ಈ ಊನದಿಂದ ಆ ವ್ಯಕ್ತಿಯ ಬದುಕು ಕಿರಿದಾಗಿದೆಯೆ? ಮೊದಲು ಮಾಡುತ್ತಿದ್ದ, ಮಾಡಬಯಸುವ ಯಾವುದನ್ನಾದರೂ ಬಿಟ್ಟಿದ್ದಾರೆಯೆ? ಇದಕ್ಕೆ ಸಾಕ್ಷಿ ಹೇಳಬೇಕಾದವರು ಆ ಬಾಯಿಯನ್ನು ಮುಚ್ಚಿಕೊಳ್ಳುವವರೇ ಹೊರತು ಬಿಲ್ಲು ಕೊಡುವವರಲ್ಲ.

ಎರಡನೆಯ ವಾದವನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮನಸ್ಸಿನಲ್ಲಿತ್ತು: ಅವಳೇ ಅಲಕ್ಷ್ಯ ಮಾಡಿದಳು, ಅನುಭವಿಸಲಿ. ಇದಕ್ಕೆ ಉತ್ತರ ಶ್ರೀಲಂಕಾದ ಚಹಾ ತೋಟಗಳಲ್ಲಿ ಸಿಕ್ಕಿತು. ನಾರ್ವೆಯ ಹರಾಲ್ಡ್ ಲ್ಯೋ ಮತ್ತು ಸಂಗಡಿಗರು 1970ರಿಂದ 15 ವರ್ಷಗಳ ಕಾಲ ಅಲ್ಲಿನ 480 ತಮಿಳು ಕಾರ್ಮಿಕರ ಬಾಯಿಯ ಸ್ಥಿತಿಯನ್ನು ಗಮನಿಸಿದರು. ಅವರೆಲ್ಲ ಬ್ರಷ್ ಹಿಡಿದವರಲ್ಲ, ದಂತವೈದ್ಯರನ್ನು ಕಂಡವರಲ್ಲ. ಎಲ್ಲರ ಹಲ್ಲಿನ ಮೇಲೂ ಗಾರೆ, ಎಲ್ಲರ ವಸಡಿನಲ್ಲೂ ಊತ. ಆದರೂ ಸುಮಾರು ಶೇಕಡಾ 8 ಮಂದಿಯಲ್ಲಿ ಮಾತ್ರ ಕಾಯಿಲೆ ಬಿರುಸಾಗಿ ಬೆಳೆದು ಹಲ್ಲುಗಳನ್ನು ಕಬಳಿಸಿತು. 81ರಷ್ಟು ಮಂದಿಯಲ್ಲಿ ಮಧ್ಯಮ ಗತಿ. 11ರಷ್ಟು ಮಂದಿಯಲ್ಲಿ ವಸಡಿನ ಊತವನ್ನು ಬಿಟ್ಟು ಮುಂದುವರಿಯಲೇ ಇಲ್ಲ. ಒಂದೇ ಅಲಕ್ಷ್ಯ, ಬೇರೆಬೇರೆ ಫಲ. ಹಲ್ಲುಜ್ಜುವುದರಲ್ಲಿ ನಾನು ಅವಳಿಗಿಂತ ಮೇಲೇನೂ ಅಲ್ಲ, ನನ್ನ ಹಲ್ಲುಗಳು ನೆಟ್ಟಗಿವೆ. ಅದು ನನ್ನ ಶೀಲಕ್ಕೆ ಸಿಕ್ಕ ಬಹುಮಾನವಲ್ಲ. ಹಾಗಿರುವಾಗ ಅವಳದನ್ನು ಅಪರಾಧಕ್ಕೆ ಸಿಕ್ಕ ಶಿಕ್ಷೆಯೆಂದು ಹೇಗೆ ಹೇಳಲಿ? ಇನ್ನು ಅವಳು ಅಲಕ್ಷ್ಯ ಮಾಡಿದ್ದಾದರೂ ಯಾವಾಗ? ನನ್ನ ತಾಯಿಯ ಕಣ್ಣು, ನನ್ನ ಮಕ್ಕಳ ಪರೀಕ್ಷೆ ನೋಡಿಕೊಳ್ಳುತ್ತಿದ್ದಾಗ.

ಮೂರನೆಯ ವಾದ ಎಲ್ಲಕ್ಕಿಂತ ಗೌರವದ ವೇಷ ತೊಟ್ಟದ್ದು. ದೇಹ ನಶ್ವರ, ವಯಸ್ಸಾದಂತೆ ಹಲ್ಲು ಬೀಳುವುದು ಸಹಜ, ಇದ್ದುದರಲ್ಲಿ ತೃಪ್ತಿಪಡಬೇಕು. ನಮ್ಮ ಹಿರಿಯರು ಹೇಳಿಕೊಟ್ಟ ಮಾತೇ ಇದು, ಸುಳ್ಳಲ್ಲ. ಆದರೆ ಅವರು ಅದನ್ನು ತಮಗೆ ತಾವು ಹೇಳಿಕೊಂಡರು. ತೃಪ್ತಿ ತನಗೆ ತಾನು ಹೇಳಿಕೊಂಡರೆ ಗುಣ. ಇನ್ನೊಬ್ಬರಿಗೆ ಹೇಳಿದರೆ ಹೆಚ್ಚಿನ ವೇಳೆ ಅದು ಉಳಿತಾಯ. ನಾನು ವೇದಾಂತ ಹೇಳಿದ್ದು ಅರವತ್ತು ಸಾವಿರ ಉಳಿಸುವುದಕ್ಕೆ.

ಹಾಗಾದರೆ ದುಡ್ಡಿಲ್ಲದ ಸಂಸಾರಗಳು ಏನು ಮಾಡಬೇಕು ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಂಬಳದಲ್ಲಿ ಬದುಕುವ ನಮಗೆ ಎಲ್ಲ ಅವಶ್ಯಗಳನ್ನೂ ಪೂರೈಸಲಾಗದು. ಆದರೆ "ಈಗ ದುಡ್ಡಿಲ್ಲ, ಒಂದು ವರ್ಷ ತಡೆ" ಎಂದರೆ ಅದು ಕಷ್ಟವನ್ನು ಇಬ್ಬರೂ ಹಂಚಿಕೊಂಡಂತೆ. "ನಿನಗೆ ಅದು ಬೇಕಾಗಿಲ್ಲ" ಎಂದರೆ ಕಷ್ಟವನ್ನು ಪೂರ್ತಿ ಅವರ ತಲೆಯ ಮೇಲೆ ಹೊರಿಸಿ, ಅದು ಕಷ್ಟವೇ ಅಲ್ಲವೆಂದು ಹೇಳಿದಂತೆ. ಮೊದಲನೆಯದು ಬಡತನ, ಎರಡನೆಯದು ಅಸತ್ಯ. ನಾನು ಮಾಡಿದ್ದು ಎರಡನೆಯದನ್ನು.

ಊರಿನಿಂದ ಬಂದ ಮುಂದಿನ ತಿಂಗಳೇ ಕ್ಲಿಪ್ ಹಾಕಿಸಿದೆವು. ಮೊದಲು ವಸಡಿನಲ್ಲಿ ಎಲ್ಲಿಯೂ ಉರಿಯೂತ ಉಳಿದಿಲ್ಲವೆಂದು ಖಚಿತಪಡಿಸಿಕೊಂಡರು. ಉರಿಯೂತ ಇರುವಾಗಲೇ ಹಲ್ಲನ್ನು ಎಳೆದರೆ ಉಳಿದ ಮೂಳೆಯೂ ಹೋಗುತ್ತದಂತೆ. ಸಂದು ಚಿಕ್ಕದಿದ್ದರೆ ವಸಡಿನ ಚಿಕಿತ್ಸೆಯಾದ ಮೇಲೆ ತಾನಾಗಿಯೇ ಕೂಡಿಕೊಳ್ಳುವುದೂ ಉಂಟು. ನಮ್ಮದು ಆ ಮಟ್ಟವನ್ನು ದಾಟಿತ್ತು, ನಾನು ಕಳೆದ ಒಂದೂವರೆ ವರ್ಷದಲ್ಲಿ ಇನ್ನಷ್ಟು ಅಗಲವಾಗಿತ್ತು. ಹಲ್ಲು ಸರಿಸುವ ಕ್ರಮವೂ ಸ್ವಾರಸ್ಯವಾದದ್ದು. ಒತ್ತಿದ ಕಡೆ ಮೂಳೆ ಕರಗುತ್ತದೆ, ಎಳೆದ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ 1904-05ರಲ್ಲಿಯೇ ಇದನ್ನು ನಾಯಿಗಳ ಹಲ್ಲಿನಲ್ಲಿ ಕಂಡು ಬರೆದಿಟ್ಟಿದ್ದ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನ ಗತಿ. ಮೂಳೆ ಕಡಿಮೆಯಾದ ಹಲ್ಲಿಗೆ ಬಹಳ ಹಗುರವಾದ ಬಲ ಸಾಕು. ಜೋರು ಮಾಡಿದರೆ ಸರಿಯುವ ಬದಲು ವಾಲುತ್ತದೆ. ಸರಿದದ್ದೂ ಹಗುರವಾದ ಒತ್ತಡದಿಂದಲೇ, ಸರಿಯಾಗಬೇಕಾದದ್ದೂ ಹಗುರವಾದ ಒತ್ತಡದಿಂದಲೇ.

ಹದಿನಾಲ್ಕು ತಿಂಗಳಾಯಿತು. ಮೊದಲಿನಂತೆಯೇ ಆಯಿತೆ? ಇಲ್ಲ. ಆಗುವುದಿಲ್ಲವೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಇಳಿದ ವಸಡು ಏರಿ ಬರಲಿಲ್ಲವಾದ್ದರಿಂದ ಹಲ್ಲುಗಳು ತುಸು ಉದ್ದವಾಗಿ ಕಾಣುತ್ತವೆ. ಎರಡರ ನಡುವೆ, ವಸಡಿನ ಹತ್ತಿರ, ಒಂದು ಸಣ್ಣ ಕಪ್ಪು ತ್ರಿಕೋನ ಉಳಿದಿದೆ. ಹಲ್ಲುಗಳ ಹಿಂಬದಿಗೆ ಒಂದು ಸಣ್ಣ ತಂತಿ ಅಂಟಿಸಿದ್ದಾರೆ. ಅದು ಎಷ್ಟು ದಿನ ಇರಬೇಕೆಂದು ಕೇಳಿದೆ. "ಹಲ್ಲು ಇರುವ ತನಕ" ಎಂದರು. ಬಿಟ್ಟರೆ ಮತ್ತೆ ಸರಿಯುತ್ತವೆ. ಮೂರು ತಿಂಗಳಿಗೊಮ್ಮೆ ಹೋಗಿ ಕ್ಲೀನ್ ಮಾಡಿಸಬೇಕು, ಅದಕ್ಕೂ ಕೊನೆಯಿಲ್ಲ.

ತಪ್ಪನ್ನು ತಿದ್ದುವುದೆಂದರೆ ಒಂದು ದಿನ ಕೂತು ಲೆಕ್ಕ ಚುಕ್ತಾ ಮಾಡುವುದೆಂದು ನಾನು ತಿಳಿದಿದ್ದೆ. ಹಲ್ಲಿನ ವಿಷಯದಲ್ಲಿ ಹಾಗಲ್ಲ; ನನ್ನ ಆ ನೋಟದ ವಿಷಯದಲ್ಲಿಯೂ ಹಾಗಲ್ಲ. "ಅದು ಬೇಕೇ?" ಎಂಬುದು ಈಗಲೂ ಮುಖದ ಮೇಲೆ ಬಂದುಬಿಡುತ್ತದೆ. ಬಂದಾಗಲೆಲ್ಲ ಹಿಡಿದು ನಿಲ್ಲಿಸಬೇಕು. ಅದಕ್ಕೆ ತಂತಿ ಅಂಟಿಸುವ ಡಾಕ್ಟರಿಲ್ಲ.

ಓದುಗರಲ್ಲಿ ನನ್ನದೊಂದು ವಿನಂತಿ. ಹಲ್ಲುಜ್ಜುವಾಗ ರಕ್ತ ಬಂದರೆ, ನೋವಿಲ್ಲದಿದ್ದರೂ, ತಡಮಾಡದೆ ತೋರಿಸಿ. ಮುಂಬಲ್ಲುಗಳ ನಡುವೆ ಹಿಂದೆ ಇಲ್ಲದ ಸಂದು ಕಂಡರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ನಗುವಾಗ ಕೈ ಅಡ್ಡ ಹಿಡಿಯುತ್ತಿದ್ದರೆ ಒಮ್ಮೆ ಕೇಳಿ. "ಬೇಡ ಬಿಡಿ" ಎಂಬ ಮೊದಲ ಉತ್ತರಕ್ಕೆ ನಿಲ್ಲಬೇಡಿ.

ಈ ಲೇಖನವನ್ನು ನನ್ನ ಹೆಂಡತಿಗೆ ತೋರಿಸಿ, ಅವಳು ಒಪ್ಪಿದ ಮೇಲೆಯೇ ಕಳಿಸುತ್ತಿದ್ದೇನೆ. ಅವಳನ್ನು ಹೊಗಳಿ ಬರೆದಿದ್ದ ಎರಡು ವಾಕ್ಯಗಳನ್ನು ಅವಳು ಹೊಡೆದುಹಾಕಿದಳು. ಕಳೆದ ತಿಂಗಳು ಸಂಘದ ಹೆಂಗಸರ ಕೂಟದಲ್ಲಿ ಹಾಡಿದಳು. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಹಾಡು ಮುಗಿದು ಯಾರೋ ಏನೋ ತಮಾಷೆ ಮಾಡಿದರು. ನಗು ಬಂದಾಗ ಅವಳ ಕೈ ತಾನಾಗಿ ಬಾಯಿಯ ಕಡೆಗೆ ಎದ್ದಿತು. ಅರ್ಧ ದಾರಿಯಲ್ಲಿ ನಿಂತು, ಕೆಳಗಿಳಿಯಿತು. ಹಲ್ಲು ತನ್ನ ಜಾಗಕ್ಕೆ ಬಂದಿದೆ. ಕೈಗೆ ಇನ್ನೂ ಸ್ವಲ್ಪ ಕಾಲ ಬೇಕು.